ಕೆಂಪನ್ನು ತಪ್ಪೆಂದು ತಿಳಿಯುವ ಕ್ಯಾಮೆರಾ

ಮಳೆಗಾಲ ಕಳೆದು ಆಕಾಶ ತಿಳಿಯಾದ ದಿನಗಳಲ್ಲಿ ಆಗುಂಬೆಯ ಸೂರ್ಯಾಸ್ತ ವೀಕ್ಷಣೆಯ ಜಾಗದಲ್ಲಿ ಸಂಜೆ ಐದೂವರೆಗೇ ಜನ ನೆರೆಯುತ್ತಾರೆ. ಎದುರಿಗೆ ಘಟ್ಟದ ಇಳಿಜಾರು, ಅದರಾಚೆ ಕರಾವಳಿ, ಅದೃಷ್ಟವಿದ್ದರೆ ಅರಬ್ಬೀ ಸಮುದ್ರದ ಅಂಚು. ಸೂರ್ಯ ಕೆಳಗಿಳಿಯುತ್ತಿದ್ದಂತೆ ಕೈಗಳೆಲ್ಲ ಮೇಲೇಳುತ್ತವೆ. ಕೆಲವರಲ್ಲಿ ಕ್ಯಾಮೆರಾ, ಉಳಿದವರಲ್ಲಿ ಮೊಬೈಲು. ಮನೆಗೆ ಹೋಗಿ ನೋಡಿದರೆ ಎಷ್ಟೋ ಚಿತ್ರಗಳಲ್ಲಿ ಒಂದು ಬಿಳಿಯ ಚುಕ್ಕೆ, ಸುತ್ತ ಸಪ್ಪೆ ಹಳದಿ. ಕೆಂಡದುಂಡೆಯಂತಿದ್ದ ಸೂರ್ಯ ಎಲ್ಲಿ ಹೋದ?

ಇಂಥ ಚಿತ್ರ ಕಂಡ ಮಕ್ಕಳು ಎರಡರಲ್ಲೊಂದು ತೀರ್ಮಾನಕ್ಕೆ ಬರುವುದುಂಟು. ಅಪ್ಪ ಕೊಡಿಸಿದ ಕ್ಯಾಮೆರಾ ಚೆನ್ನಾಗಿಲ್ಲ ಎಂಬುದು ಒಂದು. ತಮ್ಮ ಕಣ್ಣಿಗೆ ಕಂಡದ್ದೇ ಭ್ರಮೆ, ಯಂತ್ರ ಸುಳ್ಳು ಹೇಳೀತೇ ಎಂಬುದು ಇನ್ನೊಂದು. ಮೊದಲನೆಯದರಿಂದ ಅಪ್ಪನ ಜೇಬಿಗೆ ನಷ್ಟ. ಎರಡನೆಯದರಿಂದ ವಿಜ್ಞಾನಕ್ಕೇ ನಷ್ಟ. ಕಂಡದ್ದನ್ನು ನಂಬದವನು ಪ್ರಶ್ನೆಯನ್ನಾದರೂ ಹೇಗೆ ಕೇಳಿಯಾನು?

ಕಣ್ಣಿಗೆ ಕಂಡ ಕೆಂಪು ನಿಜವೇ. ಗಾಳಿಯ ಅಣುಗಳು ಗಿಡ್ಡ ತರಂಗದ ನೀಲಿಯನ್ನು ಹೆಚ್ಚಾಗಿ ಚದುರಿಸುತ್ತವೆ, ಉದ್ದ ತರಂಗದ ಕೆಂಪನ್ನು ಕಡಿಮೆ. ಮುಂದೆ ಲಾರ್ಡ್ ರ‍್ಯಾಲೆ ಎಂದು ಹೆಸರಾದ ಇಂಗ್ಲೆಂಡಿನ ವಿಜ್ಞಾನಿ 1871ರಲ್ಲಿ ಇದರ ಸೂತ್ರ ಕೊಟ್ಟರು. ಅದರಂತೆ 450 ನ್ಯಾನೋಮೀಟರಿನ ನೀಲಿ, 650 ನ್ಯಾನೋಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ನೆತ್ತಿಯ ಮೇಲಿನ ಸೂರ್ಯನಿಗೆ ಹೋಲಿಸಿದರೆ ದಿಗಂತದ ಸೂರ್ಯನ ಬೆಳಕು ಸುಮಾರು 38 ಪಟ್ಟು ಗಾಳಿಯನ್ನು ದಾಟಿ ಬರಬೇಕು. ನೀಲಿ ದಾರಿಯಲ್ಲೇ ಸೋರಿಹೋಗಿ, ಊರು ತಲುಪುವುದು ಕೆಂಪು ಮಾತ್ರ.

ಕ್ಯಾಮೆರಾಕ್ಕೆ ಇದಾವುದೂ ಗೊತ್ತಿಲ್ಲ. ಅದರೊಳಗಿನ ಬೆಳಕಿನ ಮಾಪಕ, ಎದುರಿನ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ಅರ್ಧಭಾಗ ಕಪ್ಪು ಬೆಟ್ಟವೇ ಇದ್ದರೆ ಬೆಳಕು ಸಾಲದೆಂದು ಇನ್ನಷ್ಟು ಒಳಬಿಡುತ್ತದೆ, ಸೂರ್ಯ ಬಿಳಿಚಿಕೊಳ್ಳುತ್ತಾನೆ. ಇದಕ್ಕೆ ಮದ್ದು ಸುಲಭ. ಪ್ಲಸ್-ಮೈನಸ್ ಗುರುತಿನ ಗುಂಡಿಯನ್ನು ಮೈನಸ್ ಒಂದಕ್ಕೆ ಇಟ್ಟರೆ ಬೆಳಕು ಅರ್ಧವಾಗುತ್ತದೆ, ಮೈನಸ್ ಎರಡಕ್ಕೆ ಇಟ್ಟರೆ ಕಾಲುಭಾಗ. ಮೊಬೈಲಿನಲ್ಲಾದರೆ ಸೂರ್ಯನ ಪಕ್ಕದ ಆಕಾಶವನ್ನು ಬೆರಳಿನಿಂದ ಮುಟ್ಟಿ ಹೊಳಪನ್ನು ತಗ್ಗಿಸಬಹುದು.

ಬಣ್ಣ ಕದಿಯುವ ಕಳ್ಳ ಮಾತ್ರ ಬೇರೆ. ಅವನ ಹೆಸರು ಆಟೋ ವೈಟ್ ಬ್ಯಾಲೆನ್ಸ್. ಮದುವೆಮನೆಯ ಹಳದಿ ಬಲ್ಬಿನ ಕೆಳಗೂ ಬಿಳಿ ಪಂಚೆ ಬಿಳಿಯಾಗಿಯೇ ಕಾಣಲಿ ಎಂದು ಮಾಡಿದ ಏರ್ಪಾಡು ಇದು. ಸಂಜೆಗೆಂಪನ್ನೂ ಅದು ಬಲ್ಬಿನ ದೋಷವೆಂದೇ ತಿಳಿದು, ನೀಲಿ ಬೆರೆಸಿ ತಿದ್ದಲು ಹೊರಡುತ್ತದೆ. ಆದ್ದರಿಂದ ಆಟೋ ಬಿಟ್ಟು, ಪುಟ್ಟ ಸೂರ್ಯನ ಚಿತ್ರವಿರುವ ಡೇಲೈಟ್‌ಗೆ ತಿರುಗಿಸಬೇಕು. ನಡುಹಗಲಿನ ಬಿಸಿಲನ್ನು ಬಿಳಿಯೆಂದು ಒಪ್ಪಿಕೊಂಡ ಕ್ಯಾಮೆರಾ, ಸಂಜೆಯ ಬಿಸಿಲನ್ನು ಕೆಂಪೆಂದು ತಾನಾಗಿಯೇ ಒಪ್ಪುತ್ತದೆ.

ಇನ್ನು ಫಿಲ್ಟರುಗಳ ಮಾತು. ಹೆಚ್ಚು ಉಪಯೋಗಕ್ಕೆ ಬರುವುದು ಮೇಲರ್ಧ ಕಪ್ಪು, ಕೆಳಗರ್ಧ ಪಾರದರ್ಶಕವಾಗಿರುವ ಗ್ರಾಜುಯೇಟೆಡ್ ಫಿಲ್ಟರು. ಅದು ಆಕಾಶದ ಹೊಳಪನ್ನು ತಗ್ಗಿಸುವುದರಿಂದ ಕೆಳಗಿನ ಕಾಡೂ ಕಾಣುತ್ತದೆ. ಪೋಲರೈಸರ್ ಹೆಚ್ಚು ಕೆಲಸ ಮಾಡುವುದು ಸೂರ್ಯನಿಗೆ 90 ಡಿಗ್ರಿ ಕೋನದಲ್ಲಿರುವ ಆಕಾಶದ ಮೇಲೆ. ಸೂರ್ಯನ ಕಡೆಗೇ ಹಿಡಿದರೆ ಆಕಾಶಕ್ಕೆ ಅದರಿಂದ ಹೆಚ್ಚಿನ ಲಾಭವಿಲ್ಲ. ಕಿತ್ತಳೆ ಬಣ್ಣದ ಫಿಲ್ಟರು ಮಧ್ಯಾಹ್ನವನ್ನೂ ಸಂಜೆ ಮಾಡಬಲ್ಲದು. ಅದನ್ನು ಚಿತ್ರಕಲೆ ಎಂದರೆ ಸರಿ, ಕಂಡ ಸೂರ್ಯಾಸ್ತ ಎಂದರೆ ಸರಿಯಲ್ಲ.

ವಿಡಿಯೋ ತೆಗೆಯುವವರು ಈ ಹೊಂದಿಕೆಗಳನ್ನು ಮೊದಲೇ ಲಾಕ್ ಮಾಡಿಕೊಳ್ಳಬೇಕು. ಇಲ್ಲವಾದರೆ ಮೋಡ ಅಡ್ಡ ಬಂದಾಗಲೆಲ್ಲ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳಿದ್ದರೆ ಷಟರ್ ವೇಗ ಐವತ್ತನೇ ಒಂದು ಸೆಕೆಂಡಿನ ಆಸುಪಾಸು ಇರುವುದು ವಾಡಿಕೆ. ಸೂರ್ಯನೆದುರು ಅದು ಅತಿಯಾದ ಬೆಳಕು. ಅದನ್ನು ತಗ್ಗಿಸಲು ಎನ್‌ಡಿ ಎಂಬ ಬೂದು ಫಿಲ್ಟರು ಬೇಕಾಗುತ್ತದೆ.

ತಂದೆ ತಾಯಂದಿರು ಮರೆಯಬಾರದ ಮಾತೊಂದಿದೆ. ಭೂತಗನ್ನಡಿಯಿಂದ ಕಾಗದ ಸುಡುವ ಆಟವನ್ನು ಎಲ್ಲ ಮಕ್ಕಳೂ ಬಲ್ಲರು. ಎಸ್‌ಎಲ್‌ಆರ್ ಕ್ಯಾಮೆರಾದ ಕಣ್ಣಿಂಡಿಯಲ್ಲಿ, ಅದೂ ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್ ಹಾಕಿ ಸೂರ್ಯನನ್ನು ನೋಡಿದರೆ, ಕಾಗದದ ಜಾಗದಲ್ಲಿ ಇರುವುದು ಮಗುವಿನ ಕಣ್ಣಿನ ಅಕ್ಷಿಪಟಲ. ಸುಟ್ಟಾಗ ಅಲ್ಲಿ ನೋವೂ ತಿಳಿಯದು. ಚಿತ್ರಕ್ಕೆಂದು ಮಾಡಿದ ಎನ್‌ಡಿ ಫಿಲ್ಟರು ಕಣ್ಣಿಗೆ ರಕ್ಷಣೆಯಲ್ಲ. ಕಾಣುವ ಬೆಳಕನ್ನು ತಗ್ಗಿಸಿದರೂ ಕಾಣದ ಅವಕೆಂಪು ಕಿರಣಗಳನ್ನು ಅದು ಒಳಬಿಡಬಹುದು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ನೋಡುವುದೇ ಕ್ಷೇಮ.

ಅಂಚು ದಿಗಂತಕ್ಕೆ ತಾಗಿದ ಮೇಲೆ ನಮ್ಮ ಕಡೆ ಸೂರ್ಯ ಪೂರ್ತಿ ಮುಳುಗಲು ಎರಡೂವರೆ ನಿಮಿಷವೂ ಬೇಕಿಲ್ಲ. ಮುಳುಗಿದ ಕೂಡಲೇ ಬಸ್ಸಿನ ಹಾರ್ನ್ ಕೇಳಿ ಜನ ಚದುರುತ್ತಾರೆ. ಮೋಡಗಳಿದ್ದ ದಿನ ಅವುಗಳ ತಳಕ್ಕೆ ಕೆಂಪು ಹತ್ತುವುದು ಎಷ್ಟೋ ಸಲ ಆಮೇಲೆಯೇ. ಕ್ಯಾಮೆರಾವನ್ನು ಕಟ್ಟೆಯ ಮೇಲೆ ಅಲುಗದಂತೆ ಇಟ್ಟು ಇನ್ನು ಹದಿನೈದು ನಿಮಿಷ ಕಾಯುವುದು ಲೇಸು. ಆ ಹೊತ್ತಿನಲ್ಲಿ ಮಕ್ಕಳು ಒಂದು ಚೀಟಿಯಲ್ಲಿ ದಿಗಂತದ ಬಣ್ಣ ಯಾವುದು, ಅದರ ಮೇಲಿನದು ಯಾವುದು, ನೆತ್ತಿಯದು ಯಾವುದು ಎಂದು ಬರೆದುಕೊಳ್ಳಲಿ. ಮನೆಗೆ ಬಂದು ಚಿತ್ರವನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಎರಡೂ ಹೊಂದದಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಕ್ಯಾಮೆರಾದ ಹೊಂದಿಕೆಯನ್ನು.