ವಿನ್ಯಾಸ ವಿದ್ಯೆಯ ಐದನೆಯ ಶಾಸ್ತ್ರ

"ವಿನ್ಯಾಸ" ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಅದರೊಳಗೆ "ನ್ಯಾಸ" ಎಂಬ ಮಾತು ಸಿಗುತ್ತದೆ. ನ್ಯಾಸವೆಂದರೆ ಇರಿಸುವುದು, ನೆಲೆಗೊಳಿಸುವುದು. ಯಾವ ವಸ್ತುವನ್ನು ಎಲ್ಲಿ, ಹೇಗೆ, ಯಾರಿಗಾಗಿ ಇರಿಸಬೇಕೆಂಬ ವಿವೇಕವೇ ವಿನ್ಯಾಸ. ಲೋಕರೂಢಿಯಲ್ಲಿ ಈ ಶಬ್ದದ ಅರ್ಥ ಬಹಳ ಕಿರಿದಾಗಿಬಿಟ್ಟಿದೆ. ಸೀರೆಯ ಅಂಚಿನ ಹೂಬಳ್ಳಿಗೆ ಡಿಸೈನ್ ಎನ್ನುತ್ತೇವೆ, ಮದುವೆಯ ಕರೆಯೋಲೆಯ ಅಲಂಕಾರಕ್ಕೆ ಡಿಸೈನ್ ಎನ್ನುತ್ತೇವೆ. ಆದರೆ ನೀರು ತುಂಬಿದ ಕೊಡ ಸೊಂಟದ ಮೇಲೆ ಜಾರದೆ ನಿಲ್ಲುವುದೂ, ನೇಗಿಲ ಮೇಳಿ ರೈತನ ಅಂಗೈಗೆ ಒಗ್ಗುವುದೂ ವಿನ್ಯಾಸವೇ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಚೆನ್ನಾಗಿ ಒಗ್ಗಿದ ವಸ್ತು ತಾನಿರುವುದನ್ನೇ ಮರೆಸಿಬಿಡುತ್ತದೆ.

ಯಾಂತ್ರಿಕ ಇಂಜಿನಿಯರಿಂಗ್ ಪದವಿ ಮುಗಿಸಿದ ಮೇಲೆ ನಾನು 2016ರಲ್ಲಿ ವಿನ್ಯಾಸದ ಸ್ನಾತಕೋತ್ತರ ಪದವಿಗೆ ಸೇರಿದೆ. "ಇಂಜಿನಿಯರಿಂಗ್ ಓದಿದ ಮಗಳು ಮತ್ತೆ ಚಿತ್ರ ಬರೆಯಲು ಹೋಗುತ್ತಾಳೆಯೇ?" ಎಂದು ಬಂಧುಗಳು ಕೇಳಿದರು. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಹಿ ಹಾಕುವ ಮುನ್ನ ನಮ್ಮ ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಓದಿದರೆ ಯಾರಿಗೆ ಉಪಯೋಗ?" ನನಗೆ ಎಷ್ಟು ಸಂಬಳ ಬರುತ್ತದೆ ಎಂದು ಅವರು ಕೇಳಲಿಲ್ಲ. ಎರಡು ವರ್ಷಗಳ ಅಧ್ಯಯನದುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಗೇ ಇತ್ತು. ಅದಕ್ಕೆ ದೊರೆತ ಉತ್ತರವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಈ ವಿದ್ಯೆಯ ಪರಂಪರೆಯನ್ನು ಸಂಕ್ಷೇಪವಾಗಿ ನೋಡೋಣ. 1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ "ಬೌಹೌಸ್" ಎಂಬ ಶಾಲೆಯನ್ನು ಆರಂಭಿಸಿದರು. ಅಲ್ಲಿನ ಕಮ್ಮಟಗಳಲ್ಲಿ ಮೊದಲ ವರ್ಷಗಳಲ್ಲಿ ಇಬ್ಬರು ಗುರುಗಳಿರುತ್ತಿದ್ದರು. ಒಬ್ಬರು ರೂಪವನ್ನು ಕಲಿಸುವ ಕಲಾವಿದರು, ಇನ್ನೊಬ್ಬರು ಕೈಕೆಲಸ ಕಲಿಸುವ ಕುಶಲಕರ್ಮಿಗಳು. ನಾಜಿಗಳ ಒತ್ತಡದಿಂದ 1933ರಲ್ಲಿ ಆ ಶಾಲೆ ಮುಚ್ಚಿತು. ಮುಂದೆ 1953ರಲ್ಲಿ ಅದೇ ದೇಶದ ಉಲ್ಮ್ ನಗರದಲ್ಲಿ ಮತ್ತೊಂದು ಶಾಲೆ ತೆರೆಯಿತು. ಅಲ್ಲಿ ಕಲೆಯ ಜೊತೆಗೆ ಗಣಿತ, ಸಮಾಜಶಾಸ್ತ್ರಗಳೂ ಪಾಠಪಟ್ಟಿಗೆ ಸೇರಿದವು.

ನಮ್ಮ ದೇಶಕ್ಕೆ 1958ರಲ್ಲಿ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಒಂದು ವರದಿಯನ್ನು ಒಪ್ಪಿಸಿದರು. ಇಲ್ಲಿ ಕಂಡ ವಸ್ತುಗಳಲ್ಲಿ ಅವರು ಬಹುವಾಗಿ ಮೆಚ್ಚಿದ್ದು ಯಾವುದನ್ನು ಗೊತ್ತೇ? ನಮ್ಮ ಮನೆಮನೆಯ ತಂಬಿಗೆಯನ್ನು. ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ಕತ್ತು ಎಷ್ಟು ಕಿರಿದಾಗಿರಬೇಕು, ಹಿಡಿಯುವ ಕೈ ಗಂಡಸಿನದೋ ಹೆಂಗಸಿನದೋ ಮಗುವಿನದೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ತೊಳೆಯುವುದು ಹೇಗೆ, ಬೆಲೆಯೆಷ್ಟು ಎಂದು ಅವರು ಪ್ರಶ್ನೆಗಳ ಮಾಲೆಯನ್ನೇ ಪೋಣಿಸಿದರು. ಇಂತಹ ವಸ್ತುವನ್ನು ಯಾವನೋ ಒಬ್ಬನು ಕುಳಿತು ರೂಪಿಸಲಾರ, ತಲೆಮಾರುಗಳ ಅನುಭವವೇ ಅದನ್ನು ರೂಪಿಸಿದೆ ಎಂಬುದು ಅವರ ಅಭಿಪ್ರಾಯದ ಸಾರ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಗೊಂಡಿತು. 1969ರಲ್ಲಿ ಮುಂಬಯಿಯ ಐಐಟಿಯಲ್ಲಿ ಔದ್ಯೋಗಿಕ ವಿನ್ಯಾಸ ಕೇಂದ್ರ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ವಿನ್ಯಾಸದ ಸ್ನಾತಕೋತ್ತರ ಪದವಿ ಇದೆ.

ಈ ಪದವಿಯ ತರಗತಿಯ ವೈಶಿಷ್ಟ್ಯವೆಂದರೆ ಅಲ್ಲಿ ಕೂಡುವವರು ಒಂದೇ ವಿದ್ಯೆಯವರಲ್ಲ. ನನ್ನ ಎಡಕ್ಕೆ ಕುಳಿತಿದ್ದವರು ಚಿತ್ರಕಲೆ ಓದಿದವರು, ಬಲಕ್ಕೆ ಕುಳಿತಿದ್ದವರು ವಾಸ್ತುಶಿಲ್ಪಿ, ಹಿಂದಿನ ಸಾಲಿನಲ್ಲಿದ್ದವರು ಫಿಸಿಯೋಥೆರಪಿ ಕಲಿತವರು. ಮೊದಲ ಕೆಲವು ತಿಂಗಳು ನಾವು ಒಬ್ಬರ ಮಾತನ್ನು ಒಬ್ಬರು ತಿಳಿಯಲು ಪಟ್ಟ ಶ್ರಮ ಅಷ್ಟಿಷ್ಟಲ್ಲ. "ಭಾರ" ಎಂದರೆ ನನಗೆ ನ್ಯೂಟನ್ನುಗಳ ಲೆಕ್ಕ, ಚಿತ್ರಕಾರನಿಗೆ ಗಾಢವಾದ ಬಣ್ಣ, ಫಿಸಿಯೋಥೆರಪಿಯ ಗೆಳತಿಗೆ ಬೆನ್ನುಹುರಿಯ ಮೇಲಿನ ಒತ್ತಡ. ಶಬ್ದ ಒಂದೇ, ಅರ್ಥ ಮೂರು. ಇಂತಹ ಕಡೆ ವಾದದಿಂದ ಪ್ರಯೋಜನವಿಲ್ಲ. ಪ್ರತಿಯೊಬ್ಬರೂ ತಮ್ಮ ಅರ್ಥವನ್ನು ಕಾಗದದ ಮೇಲೆ ಬರೆದೋ, ರಟ್ಟಿನಲ್ಲಿ ಮಾಡಿಯೋ ತೋರಿಸಬೇಕಾಗುತ್ತದೆ.

ಉಲ್ಮ್ ಶಾಲೆಯಲ್ಲಿ ಪಾಠ ಹೇಳಿದ್ದ ಗಣಿತಜ್ಞ ಹೋರ್ಸ್ಟ್ ರಿಟ್ಟೆಲ್ ಮತ್ತು ನಗರ ಯೋಜಕ ಮೆಲ್ವಿನ್ ವೆಬ್ಬರ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ನಮಗೆ ಪಠ್ಯವಾಗಿತ್ತು. ಗಣಿತದ ಲೆಕ್ಕಕ್ಕೂ ಸಮಾಜದ ಸಮಸ್ಯೆಗೂ ಇರುವ ಅಂತರವನ್ನು ಅದು ವಿವರಿಸುತ್ತದೆ. ಲೆಕ್ಕಕ್ಕೆ ಸರಿ ಅಥವಾ ತಪ್ಪು ಉತ್ತರವಿರುತ್ತದೆ, ಜನರ ಬದುಕಿನ ತೊಡಕಿಗೆ ಒಳ್ಳೆಯ ಅಥವಾ ಕೆಟ್ಟ ಪರಿಹಾರ ಮಾತ್ರ ಇರುತ್ತದೆ. ಲೆಕ್ಕ ತಪ್ಪಿದರೆ ಹಾಳೆ ಹರಿದು ಮತ್ತೆ ಬರೆಯಬಹುದು, ಪರಿಹಾರ ತಪ್ಪಿದರೆ ಅದರ ಫಲವನ್ನು ಉಣ್ಣುವವರು ಬೇರೆಯೇ ಜನ. ಈ ಮಾತಿನ ತೂಕ ನನಗೆ ತಿಳಿದದ್ದು ತರಗತಿಯಲ್ಲಲ್ಲ, ಬ್ಯಾಡಗಿಯಲ್ಲಿ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಯನ್ನು ಅರಿಯದವರಾರು? ಕಡ್ಡಿ, ಡಬ್ಬಿ ಎಂಬ ಬಗೆಗಳಲ್ಲಿ ದೊರೆಯುವ, ಕಡುಗೆಂಪು ಬಣ್ಣದ, ಖಾರ ಕಡಿಮೆಯಿರುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಖಾರ ಹೆಚ್ಚಿರುವ ಗುಂಟೂರು ತಳಿಯ ಕಾಯಿಯೂ ಅದೇ ಮಾರುಕಟ್ಟೆಗೆ ಬರುತ್ತದೆ. ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಅಲ್ಲಿ ಕುಳಿತವರು ಬಹುಪಾಲು ಹೆಣ್ಣುಮಕ್ಕಳು. ನೆಲದ ಮೇಲೆ ಚೀಲ ಹಾಸಿ, ಎದುರಿಗೆ ಕೆಂಪು ರಾಶಿಯನ್ನಿಟ್ಟುಕೊಂಡು, ಒಂದು ಮೊಣಕಾಲು ಮಡಚಿ ಕುಳಿತರೆ ಸಂಜೆಯವರೆಗೆ ಏಳುವುದು ಅಪರೂಪ. ಕೂಲಿ ಕಿಲೋ ಲೆಕ್ಕದಲ್ಲಿ. ಘಾಟಿಗೆ ಸೀನು, ಕೆಮ್ಮು, ಬೆರಳುಗಳಿಗೆ ಉರಿ.

ಎರಡನೆಯ ವರ್ಷದ ಯೋಜನೆಗಾಗಿ ನಮ್ಮ ನಾಲ್ವರ ತಂಡ ಅಲ್ಲಿಗೆ ಹೋಯಿತು. ನಾಲ್ವರೂ ಒಂದೇ ಚಾವಡಿಯಲ್ಲಿ ಕುಳಿತು ಒಂದೇ ಕೆಲಸವನ್ನು ನೋಡಿದೆವು. ಕಂಡದ್ದು ಮಾತ್ರ ಬೇರೆ ಬೇರೆ. ತೊಟ್ಟು ಮುರಿಯಲು ಎಷ್ಟು ಬಲ ಬೇಕೆಂದು ನಾನು ಅಳೆದೆ. ಗಾಳಿ ಎತ್ತಲಿಂದ ಬರುತ್ತದೆ, ಧೂಳು ಎಲ್ಲಿ ತಂಗುತ್ತದೆ ಎಂದು ವಾಸ್ತುಶಿಲ್ಪಿ ಗುರುತು ಹಾಕಿಕೊಂಡರು. ಬಾಗಿದ ಬೆನ್ನಿನ ಕೋನವನ್ನು ಫಿಸಿಯೋಥೆರಪಿಯ ಗೆಳತಿ ದಾಖಲಿಸಿಕೊಂಡಳು. ಚಿತ್ರಕಾರನು ಗಂಟೆಗೊಂದರಂತೆ ಒಬ್ಬ ತಾಯಿಯ ಕೈಗಳ ಚಿತ್ರ ಬರೆದನು. ಸಂಜೆ ಆ ಚಿತ್ರಗಳನ್ನು ಸಾಲಾಗಿ ಹರಡಿದಾಗ, ಬಲಗೈ ದಿನವಿಡೀ ಒಂದೇ ರೀತಿ ನಡೆದಿದ್ದರೂ ಎಡಗೈ ಮಧ್ಯಾಹ್ನದ ಮೇಲೆ ನೆಲಕ್ಕೆ ಊರಿಕೊಂಡಿತ್ತೆಂಬುದು ಕಂಡಿತು. ಬೆನ್ನು ಸೋತು ದೇಹವು ಆಸರೆ ಹುಡುಕುತ್ತಿತ್ತು. ನನ್ನ ಉಪಕರಣಗಳು ಅದನ್ನು ಹೇಳಿರಲಿಲ್ಲ. ಅವು ಅಳೆಯುತ್ತಿದ್ದುದೇ ಬೇರೆ.

ತೊಟ್ಟು ತೆಗೆಯುವ ಯಂತ್ರವನ್ನು ರೂಪಿಸುವುದು ಅಸಾಧ್ಯವೇನೂ ಅಲ್ಲ, ಅಂತಹ ಯಂತ್ರಗಳು ಈಗಾಗಲೇ ಇವೆ. ಆ ಮಾತನ್ನು ಎತ್ತಿದಾಗ ಹಿರಿಯರಾದ ಒಬ್ಬ ಅಜ್ಜಿ ಕೈಯ ಕೆಲಸ ನಿಲ್ಲಿಸದೆ ಹೇಳಿದರು: "ತಂಗೀ, ಕೈ ಉರಿಗೆ ಎಣ್ಣಿ ಹಚ್ಚಿದ್ರ ಹೋಗ್ತೈತಿ. ಮಷೀನ ತಂದು ಕೂಲಿ ಹ್ವಾದ ಮ್ಯಾಲ ಹೊಟ್ಟಿ ಹಸಿವಿಗೆ ಏನ ಹಚ್ಚೋಣು?"

ಈ ಒಂದು ಮಾತಿನಲ್ಲಿ ಎರಡು ಶಾಸ್ತ್ರಗಳಿವೆ. ಮೊದಲನೆಯದು ರಸಾಯನಶಾಸ್ತ್ರ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಬರಿಯ ನೀರಿನಿಂದ ತೊಳೆದರೆ ಉರಿ ಹೋಗದು, ಮೊದಲು ಎಣ್ಣೆ ಸವರಿ ಅನಂತರ ಸಾಬೂನಿನಿಂದ ತೊಳೆಯಬೇಕು. ಪುಸ್ತಕ ಓದದ ಆ ತಾಯಿ ಅದನ್ನು ಅನುಭವದಿಂದ ಅರಿತಿದ್ದರು. ಎರಡನೆಯದು ಅರ್ಥಶಾಸ್ತ್ರ. ಶ್ರಮವನ್ನು ತೆಗೆದುಹಾಕುವುದು ಬೇರೆ, ಶ್ರಮದೊಳಗಿನ ನೋವನ್ನು ತೆಗೆದುಹಾಕುವುದು ಬೇರೆ. ಮೊದಲನೆಯದರಿಂದ ಲಾಭ ಯಂತ್ರದ ಒಡೆಯನಿಗೆ, ಎರಡನೆಯದರಿಂದ ಲಾಭ ದುಡಿಯುವವರಿಗೆ.

ನಾಲ್ಕು ವಿದ್ಯೆಗಳ ನಮ್ಮ ತಂಡಕ್ಕೆ ಐದನೆಯ ವಿದ್ಯೆಯೊಂದು ಸೇರಿದ್ದು ಆ ದಿನ. ಅಂತರ್‌ಶಿಸ್ತೀಯ ವಿನ್ಯಾಸವೆಂದು ವಿಶ್ವವಿದ್ಯಾಲಯಗಳು ಕರೆಯುವಾಗ ಪದವಿ ಪಡೆದವರ ಶಿಸ್ತುಗಳನ್ನಷ್ಟೇ ಎಣಿಸುತ್ತವೆ. ಆದರೆ ದಿನದಿನವೂ ಆ ಕೆಲಸವನ್ನು ಮಾಡುತ್ತ ಬಂದವರ ಅರಿವೂ ಒಂದು ಶಾಸ್ತ್ರವೇ. ಅದಕ್ಕೆ ಪದವಿಪತ್ರವಿಲ್ಲ, ಅಷ್ಟೇ. "ಕಾಯಕ" ಎಂಬ ನಮ್ಮ ಮಾತಿನಲ್ಲಿಯೇ "ಕಾಯ"ವಿದೆ. ದುಡಿಮೆಯ ಹಿರಿಮೆಯನ್ನು ಕೊಂಡಾಡುವ ನಾವು ದುಡಿಯುವ ಕಾಯದ ಬೆನ್ನು, ಬೆರಳು, ಉಸಿರುಗಳನ್ನು ಮರೆಯಲಾಗದು.

ಇದಕ್ಕೆ ದೊಡ್ಡ ನಿದರ್ಶನವೊಂದು ನಮ್ಮ ದೇಶದಲ್ಲಿಯೇ ಇದೆ. ಜೈಪುರದ ಮೂಳೆತಜ್ಞ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಇವರು 1968ರ ವೇಳೆಗೆ ರೂಪಿಸಿದ "ಜೈಪುರ ಪಾದ"ವನ್ನು ಬಲ್ಲವರು ಅನೇಕರು. ಅದಕ್ಕೆ ಮೊದಲು ದೊರೆಯುತ್ತಿದ್ದ ವಿದೇಶೀ ಮಾದರಿಯ ಕೃತಕ ಪಾದ ಬೂಟು ತೊಡುವ, ಕುರ್ಚಿಯ ಮೇಲೆ ಕೂಡುವ ಜನರಿಗಾಗಿ ಮಾಡಿದ್ದು. ನಮ್ಮ ರೈತ ಬರಿಗಾಲಿನಲ್ಲಿ ಕೆಸರುಗದ್ದೆಗೆ ಇಳಿಯಬೇಕು, ಕುಕ್ಕರಗಾಲಿನಲ್ಲಿ ಕೂಡಬೇಕು, ಊಟಕ್ಕೆ ಚಕ್ಕಳಮಕ್ಕಳ ಹಾಕಬೇಕು. ವೈದ್ಯರಿಗೆ ಎಲುಬಿನ ಶಾಸ್ತ್ರ ಗೊತ್ತಿತ್ತು, ಶರ್ಮಾ ಅವರಿಗೆ ವಸ್ತುವನ್ನು ಪಳಗಿಸುವ ಕೈಗುಣವಿತ್ತು. ಇಬ್ಬರೂ ಕೂಡಿದಾಗ ರಬ್ಬರಿನ ಪಾದ ಸಿದ್ಧವಾಯಿತು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಮಾತ್ರ ವೈದ್ಯರೊಬ್ಬರಿಗೇ. ಕೈಯ ಶಾಸ್ತ್ರಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ಣವಾಗಿ ಸಂದಿಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ.

ಬ್ಯಾಡಗಿಯಲ್ಲಿ ನಾವು ಮಾಡಿದ್ದು ಅಷ್ಟು ದೊಡ್ಡದೇನಲ್ಲ. ನೆಲದಿಂದ ಒಂದು ಗೇಣು ಎತ್ತರದ, ಮುಂದಕ್ಕೆ ತುಸು ಇಳಿಜಾರಿರುವ ಒಂದು ಮಣೆ. ತಳಕ್ಕೆ ಜಾಲರಿ ಇರುವ ಒಂದು ತಟ್ಟೆ. ಬೀಜ ಮತ್ತು ಧೂಳು ಜಾಲರಿಯ ಕೆಳಗಿನ ಡಬ್ಬಿಗೆ ಬೀಳುವುದರಿಂದ ಮುಖಕ್ಕೆ ಹಾರುವುದು ಕಡಿಮೆ. ಕೈ ತೊಳೆಯುವ ಕಡೆ ನೀರಿಗಿಂತ ಮೊದಲು ಎಣ್ಣೆಯ ಬಟ್ಟಲು. ಸ್ಥಳೀಯ ಬಡಿಗರೂ ವೆಲ್ಡಿಂಗ್ ಅಂಗಡಿಯವರೂ ಮಾಡಬಲ್ಲ ವಸ್ತುಗಳಿವು. ಅಂತಿಮ ಮೌಲ್ಯಮಾಪನದಲ್ಲಿ ಒಬ್ಬ ಪರೀಕ್ಷಕರು "ಇದರಲ್ಲಿ ಹೊಸತೇನಿದೆ?" ಎಂದು ಕೇಳಿದರು. ನನ್ನ ಗೆಳತಿ ಬೆನ್ನಿನ ಕೋನದ ಹಿಂದಿನ ಮತ್ತು ಮುಂದಿನ ಚಿತ್ರಗಳೆರಡನ್ನೂ ಅವರ ಮುಂದಿಟ್ಟು ಸುಮ್ಮನಾದಳು. ಅಂಕಗಳು ಸಾಧಾರಣವಾಗಿ ಬಂದವು.

ಮೂರು ತಿಂಗಳ ಅನಂತರ ಮತ್ತೆ ಹೋಗಿ ನೋಡಿದೆವು. ಕೆಲವರು ಮಣೆಯನ್ನು ಬಿಟ್ಟು ನೆಲಕ್ಕೇ ಮರಳಿದ್ದರು. ಹಲವರು ಅದರ ಮೇಲೆ ಹಳೆಯ ಗೋಣಿಚೀಲ ಸುತ್ತಿ, ಕಾಲುಗಳನ್ನು ಇನ್ನೆರಡು ಬೆರಳು ಕೊಯ್ಸಿ ತಮಗೆ ಒಗ್ಗುವಂತೆ ಮಾಡಿಕೊಂಡಿದ್ದರು. ಜಾಲರಿಯ ತಟ್ಟೆಯಂತೂ ಜೋಳ ಹಸನು ಮಾಡಲು ಮನೆಗಳಿಗೂ ಹೋಗಿತ್ತು. ತಂಬಿಗೆ ರೂಪುಗೊಂಡದ್ದೂ ಹೀಗೆಯೇ ಇರಬೇಕೆಂದು ನನಗೆ ಆಗ ಅನಿಸಿತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿದ್ದಿ, ಮತ್ತೊಬ್ಬರು ಬಳಸಿ, ಕೊನೆಗೆ ಮಾಡಿದವರ ಹೆಸರು ಅಳಿದು ವಸ್ತು ಉಳಿಯುತ್ತದೆ.

"ಇದನ್ನು ಓದಿದರೆ ಯಾರಿಗೆ ಉಪಯೋಗ?" ಎಂಬ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವಿಷ್ಟು. ಈ ವಿದ್ಯೆ ತಾನಾಗಿಯೇ ಯಾರಿಗೂ ಉಪಯೋಗವಲ್ಲ. ಅದು ಇಂಜಿನಿಯರನ ಲೆಕ್ಕ, ಕಲಾವಿದನ ಕಣ್ಣು, ವೈದ್ಯರ ಕರುಣೆ, ದುಡಿಯುವವರ ಅನುಭವ ಇವುಗಳನ್ನು ಒಂದು ಪಂಕ್ತಿಯಲ್ಲಿ ಕೂಡಿಸುವ ವಿದ್ಯೆ. ಪಂಕ್ತಿಯಲ್ಲಿ ಮೇಲು ಕೀಳು ಬಂದೊಡನೆ ಅದು ಕೆಡುತ್ತದೆ.

ಮಕ್ಕಳು ಈ ದಾರಿಯನ್ನು ಹಿಡಿಯಬಯಸಿದರೆ ತಂದೆತಾಯಿಗಳು ಗಾಬರಿಯಾಗಬೇಕಿಲ್ಲ. ಐಐಟಿಗಳ ಮತ್ತು ಇತರ ಹಲವು ಸಂಸ್ಥೆಗಳ ಎಂ.ಡಿಸ್. ಪದವಿಯ ಪ್ರವೇಶಕ್ಕೆ ಮುಂಬಯಿಯ ಐಐಟಿ ನಡೆಸುವ "ಸೀಡ್" ಎಂಬ ಪರೀಕ್ಷೆಯಿದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅದರದೇ ಪ್ರತ್ಯೇಕ ಪರೀಕ್ಷೆಯಿದೆ. ಅಲ್ಲಿ ಬಾಯಿಪಾಠಕ್ಕಿಂತ ಗಮನಿಸುವ ಶಕ್ತಿಗೆ, ಕಂಡದ್ದನ್ನು ಗೆರೆಯಲ್ಲಿ ತೋರಿಸುವ ಶಕ್ತಿಗೆ ಬೆಲೆ. ಅದಕ್ಕೆ ಸಿದ್ಧತೆಯನ್ನು ಮನೆಯಿಂದಲೇ ಆರಂಭಿಸಬಹುದು. ನಮ್ಮ ಅಂಗಳ ಗುಡಿಸುವ ಕಸಬರಿಗೆ ಎಷ್ಟು ಗಿಡ್ಡ, ಅದನ್ನು ಹಿಡಿದವರ ಬೆನ್ನು ಎಷ್ಟು ಬಾಗುತ್ತದೆ ಎಂದು ಮಗುವಿಗೆ ಒಮ್ಮೆ ತೋರಿಸಿ. ಉದ್ದನೆಯ ಹಿಡಿಯೊಂದನ್ನು ಕಟ್ಟುವ ಮೊದಲು, ಗುಡಿಸುವವರ ಹತ್ತಿರ ಕುಳಿತು ಅವರನ್ನು ಕೇಳುವುದನ್ನೂ ಕಲಿಸಿ.