ಗಾಳಿಗೆ ತಕ್ಕ ಹಾಯಿ

ಬೈಕುಲ್ಲಾದಿಂದ ಮಜಗಾಂವ್‌ನ ಬಂದರು ದೂರವೇನಲ್ಲ. ಆದರೂ ನಮ್ಮಲ್ಲಿ ಹೆಚ್ಚಿನವರಿಗೆ ಕಡಲೆಂದರೆ ಚೌಪಾಟಿಯ ಮರಳಷ್ಟೇ. ನನ್ನ ಮಗಳು ಮತ್ತು ಅವಳ ಮೂವರು ಗೆಳೆಯರು ಹಣ ಕೂಡಿಸಿ ಹಳೆಯದೊಂದು ಹಾಯಿದೋಣಿ ಕೊಂಡರು. ದೋಣಿ ಗಟ್ಟಿ, ಮುಂದಿನ ಹಾಯಿ ಮಾತ್ರ ಜೀರ್ಣ. ಉಳಿದ ದುಡ್ಡಿನಲ್ಲಿ ಒಂದೇ ಒಂದು ಹಾಯಿ ಹೊಲಿಸಬಹುದಿತ್ತು.

"ದೊಡ್ಡದನ್ನೇ ಹೊಲಿಸೋಣ ಪಪ್ಪಾ" ಎಂದಳು ಮಗಳು. ಕಾಗದದ ಮೇಲೆ ಲೆಕ್ಕ ಹಾಕಲು ಕುಳಿತೆವು. ಯುವಮಿತ್ರರೇ, ಆ ಲೆಕ್ಕ ನಿಮಗೂ ರುಚಿಸೀತು.

ಹಾಯಿಕಂಬದ ಬುಡದಿಂದ ದೋಣಿಯ ಮುಂತುದಿಗೆ 10 ಅಡಿ ಎಂದಿಟ್ಟುಕೊಳ್ಳಿ. ಹಾಯಿಯ ಹಿಂದಿನ ಮೂಲೆಯಿಂದ ಮುಂದಿನ ಅಂಚಿಗೆ ಲಂಬವಾಗಿ ಅಳೆದಾಗ ಅಷ್ಟೇ ಬಂದರೆ ಅದು ಶೇಕಡಾ 100ರ ಜಿಬ್; 15 ಅಡಿ ಬಂದರೆ ಶೇಕಡಾ 150ರ ಜೆನೋವಾ. ಮುಂದಿನ ಅಂಚು 30 ಅಡಿಯಿದ್ದರೆ ಮೊದಲನೆಯದು ಸುಮಾರು 150 ಚದರ ಅಡಿ, ಎರಡನೆಯದು 225.

ಮುಂಬಯಿಯ ಚಳಿಗಾಲದ ಮುಂಜಾನೆ ನೆಲದಿಂದ ಬೀಸುವ ಮಂದಗಾಳಿಗೆ ದೊಡ್ಡ ಹಾಯಿಯೇ ಸರಿ. ಆದರೆ ಮಧ್ಯಾಹ್ನ ವಾಯವ್ಯದ ಕಡಲಗಾಳಿ ಏಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ! ದೊಡ್ಡ ಹಾಯಿಯನ್ನು ಸುತ್ತಿ ಕಿರಿದಾಗಿಸಬಹುದು, ನಿಜ. ಆದರೆ ಹೆಚ್ಚು ಸುತ್ತಿದರೆ ಅದು ಜೋಳಿಗೆಯಂತೆ ಉಬ್ಬಿ, ದೋಣಿಯನ್ನು ಮುಂದಕ್ಕೊಯ್ಯುವುದಕ್ಕಿಂತ ಪಕ್ಕಕ್ಕೆ ವಾಲಿಸುವುದೇ ಹೆಚ್ಚು. ದಿಕ್ಕು ಬದಲಿಸುವಾಗಲೆಲ್ಲ ಅದನ್ನು ಕಂಬದಾಚೆ ಎಳೆದು ತರುವ ಶ್ರಮವೂ ಇದೆ.

ಇನ್ನು ಕೆಳಗಿನ ಅಂಚಿನ ಮಾತು. ಅಂಚು ದೋಣಿಯ ಹಲಗೆಗೆ ತಾಗುವಂತಿದ್ದರೆ ಗಾಳಿ ಕೆಳಗಿನಿಂದ ಸೋರುವುದಿಲ್ಲ. ಪಂದ್ಯದವರಿಗೆ ಅದೇ ಇಷ್ಟ. ಆದರೆ ಭಾವುಚಾ ಧಕ್ಕಾದಿಂದ ಲಾಂಚುಗಳು ಹೊರಡುವ ಬಂದರಿನಲ್ಲಿ ಹಾಯಿಯ ಮರೆಯಿಂದ ಏನು ಬರುತ್ತಿದೆಯೆಂದು ಕಾಣಲೇಬೇಕು. ಅಂಚನ್ನು ಎತ್ತರಿಸಿದರೆ ಅಡಿಯಿಂದ ದಾರಿ ಕಾಣುತ್ತದೆ, ತೆರೆಯ ನೀರೂ ಹಾಯಿಗೆ ಅಪ್ಪಳಿಸುವುದಿಲ್ಲ.

ಕೊನೆಗೆ ಶೇಕಡಾ 120, ಎರಡಡಿ ಎತ್ತರದ ಅಂಚು ಎಂದು ಹುಡುಗರೇ ನಿರ್ಧರಿಸಿದರು. ಮುಂಜಾನೆ ಬೇರೆಯವರು ಅವರನ್ನು ಹಿಂದಿಕ್ಕುತ್ತಾರೆ. ಮಧ್ಯಾಹ್ನ ಇವರು ಹೆದರದೆ ಮರಳುತ್ತಾರೆ. ತಂದೆಯಾದ ನನಗೆ ಎರಡನೆಯದೇ ಮುಖ್ಯ.

'ಗಾಳಿ ಬಂದಾಗ ತೂರಿಕೋ' ಎನ್ನುವುದು ಕಣದ ಗಾದೆ. ಕಡಲಿನಲ್ಲಿ ಗಾಳಿ ಬಲಿತಾಗ ಹಾಯಿ ಕಿರಿದಾಗಬೇಕು. ಮಂಗಳೂರಿನ ಹೆಂಚು ಹೊತ್ತು ಮುಂಬಯಿಗೆ ಬರುತ್ತಿದ್ದ ಪತ್ತೇಮಾರಿಗಳು ಮಳೆಗಾಲದಲ್ಲಿ ಹಾಯಿಯನ್ನೇ ಬಿಚ್ಚದೆ ದಡದಲ್ಲಿರುತ್ತಿದ್ದವು. ಎಷ್ಟು ಹಾಯಿ ಬೇಕೆಂದು ಅವರಿಗೆ ತಿಳಿದಿತ್ತು. ಯಾವಾಗ ಬೇಡವೆಂಬುದೂ ತಿಳಿದಿತ್ತು.