ಹಗಲೆಲ್ಲ ಮನೆಯಲ್ಲಿರುವವರು

ನಮ್ಮ ಸಮಾಜದ ಕುಟುಂಬಗಳು ಅಮೆರಿಕೆಯಲ್ಲಿ ನೆಲೆಸಿ ಎರಡು ಮೂರು ತಲೆಮಾರುಗಳಾದವು. ವೈದ್ಯರು, ಇಂಜಿನಿಯರರು ಎಂದೇ ನಾವು ಕೇಳುತ್ತಿದ್ದ ಆ ಮನೆಗಳಿಂದ ಆ ದೇಶದ ಸೈನ್ಯಕ್ಕೆ ಸೇರಿದ ಮಕ್ಕಳೂ ಉಂಟು. ನಮ್ಮ ಅಕ್ಕನವರ ಮೊಮ್ಮಗನು ಅಂಥವರಲ್ಲೊಬ್ಬ. 2022ರಲ್ಲಿ ಆತನಿಗೆ ಜರ್ಮನಿಯ ಲಾಂಡ್‌ಸ್ಟೂಲ್ ಎಂಬ ಊರಿನಲ್ಲಿರುವ ಅಮೆರಿಕದ ಸೈನಿಕ ಆಸ್ಪತ್ರೆಗೆ ವರ್ಗವಾಯಿತು. ಕುಟುಂಬಸಮೇತ ಹೋಗುವವರಿಗೆ ಅಲ್ಲಿ ಮೂರು ವರ್ಷಗಳ ಅವಧಿ. ಹೆಂಡತಿ ಹಾವೇರಿಯ ಕಡೆಯ ಹೆಣ್ಣುಮಗಳು. ಆರು ವರ್ಷದ ಮಗ, ಎರಡು ವರ್ಷದ ಮಗಳು. ಮನೆಯನ್ನು ಎಲ್ಲಿ ಹಿಡಿಯಬೇಕೆಂಬುದರಲ್ಲಿ ದಂಪತಿಗಳಿಗೆ ಒಮ್ಮತವಾಗದೆ, ದೂರವಾಣಿಯಲ್ಲಿ ನಮ್ಮನ್ನು ಕೇಳಿದರು. ಮಠದಲ್ಲಿ ವ್ಯಾಕರಣ, ತರ್ಕ ಓದಿದವರಿಗೆ ಜರ್ಮನಿಯ ಬಾಡಿಗೆ ಮನೆಯ ವಿಚಾರವೇನು ತಿಳಿದೀತು ಎಂದು ಓದುಗರು ನಕ್ಕರೆ ಅದು ಸಹಜವೇ.

ಕೈಸರ್ಸ್‌ಲಾಟರ್ನ್ ನಗರದ ಸುತ್ತಲಿನ ಆ ಪ್ರದೇಶದಲ್ಲಿ ಅಮೆರಿಕದ ಸೈನಿಕರು ಮತ್ತು ಅವರ ಮನೆಮಂದಿ ಸೇರಿ ಸುಮಾರು 50,000 ಜನರಿದ್ದಾರೆ. ರಾಮ್‌ಸ್ಟೈನ್ ವಿಮಾನನೆಲೆ, ಫೋಗೆಲ್‌ವೇ, ಲಾಂಡ್‌ಸ್ಟೂಲ್ ಮೊದಲಾದ ಕಡೆ ದಂಡಿನ ಆವರಣದೊಳಗೆ ವಸತಿಗಳಿವೆ. ಅಲ್ಲಿ ಅಂಗಡಿ, ಶಾಲೆ, ಮಾತು ಎಲ್ಲವೂ ಅಮೆರಿಕದವೇ. ಆವರಣದ ಹೊರಗೆ ಜರ್ಮನರ ಮನೆಯನ್ನು ಬಾಡಿಗೆಗೆ ಹಿಡಿಯುವುದು ಇನ್ನೊಂದು ದಾರಿ. ಆವರಣದ ಮನೆಗಳು ಖಾಲಿ ಬಿದ್ದಿದ್ದರೆ ಕೆಲವು ದರ್ಜೆಯವರಿಗೆ ಆಯ್ಕೆಯೇ ಇರದ ಸಂದರ್ಭಗಳೂ ಉಂಟು. ಇವರಿಗೆ ಆ ನಿರ್ಬಂಧವಿರಲಿಲ್ಲ.

ಮೊಮ್ಮಗನ ಮನಸ್ಸು ಹಳ್ಳಿಯ ಮೇಲಿತ್ತು. ಆಸ್ಪತ್ರೆಯಿಂದ ಅರ್ಧ ಗಂಟೆಯ ಹಾದಿ, ದೊಡ್ಡ ಮನೆ, ಹಿತ್ತಿಲಲ್ಲಿ ಸೇಬಿನ ಗಿಡ, ಎದುರಿಗೆ ಕಾಡು. "ಪರದೇಶಕ್ಕೆ ಹೋಗಿ ಮತ್ತೆ ಅಮೆರಿಕದೊಳಗೇ ಇರುವುದೇಕೆ ಅಜ್ಜಾ?" ಎಂಬ ಅವನ ಮಾತಿನಲ್ಲಿ ಸತ್ವವಿತ್ತು. ಮೂರು ವರ್ಷ ಒಂದು ನಾಡಿನಲ್ಲಿದ್ದು ಅಲ್ಲಿಯವರ ಮನೆಯ ಹೊಸ್ತಿಲನ್ನೇ ತುಳಿಯದೆ ಬರುವುದು ನಮಗೂ ಸೇರದ ಸಂಗತಿ. ಸೊಸೆಯಾದರೋ ಆವರಣದೊಳಗಿನ ಮನೆಯೇ ಸಾಕೆಂದಳು. ಕಾರಣ ಕೇಳಿದರೆ, "ಅವರು ಮುಂಜಾನೆ ಹೋದ್ರ ಸಂಜೀಗೆ ಬರ್ತಾರ್ರಿ ಅಜ್ಜಾರ, ನಾ ಯಾರ ಕೂಡ ಮಾತಾಡ್ಲಿ?" ಎಂದಳು.

ಆ ಪ್ರಶ್ನೆಗೆ ಸೇಬಿನ ಗಿಡದಲ್ಲಿ ಉತ್ತರವಿರಲಿಲ್ಲ.

ನಾವು ಮಠದಲ್ಲಿ ಓದುತ್ತಿದ್ದಾಗ ಗುರುಗಳೊಡನೆ ಊರೂರು ಸಂಚರಿಸುವುದಿತ್ತು. ಹೋದಲ್ಲೆಲ್ಲ ಊರ ಗೌಡರು ತಮ್ಮ ವಾಡೆಯಲ್ಲಿಯೇ ಬಿಡಾರ ಮಾಡಬೇಕೆಂದು ಬಿನ್ನವಿಸುವರು. ಗುರುಗಳು ಮೊದಲು ಕೇಳುತ್ತಿದ್ದುದು, ನೀರು ಎಷ್ಟು ದೂರ, ಅದನ್ನು ಹೊರುವವರು ಯಾರು ಎಂದು. ಬಾವಿ ದೂರವಿದ್ದರೆ ವಾಡೆಯನ್ನು ಬಿಟ್ಟು ಬಾವಿಯ ಬಳಿಯ ಸಣ್ಣ ಮನೆಯಲ್ಲಿ ಇಳಿದುಕೊಳ್ಳುವರು. ನಾಲ್ಕು ದಿನದ ಅತಿಥಿಗಳ ಸ್ನಾನ ಪೂಜೆಗಳಿಗಾಗಿ ಆ ಮನೆಯ ಹೆಣ್ಣುಮಕ್ಕಳು ದಿನಕ್ಕೆ ಇಪ್ಪತ್ತು ಕೊಡ ಹೊರುವಂತಾಗಬಾರದೆಂಬುದು ಅವರ ಲೆಕ್ಕ. ಇಷ್ಟಲಿಂಗದ ಪೂಜೆಗೆ ಅಂಗೈಯೇ ಪೀಠವಾದ್ದರಿಂದ ಲಿಂಗಾಯತರಿಗೆ ಮನೆಯ ದಿಕ್ಕು, ಗರ್ಭಗುಡಿಗಳ ಚಿಂತೆಯಿಲ್ಲ. ಆದರೆ ಮನೆಯ ಭಾರವನ್ನು ಹೊರುವವರ ಚಿಂತೆ ಇರಲೇಬೇಕು. ಬಾವಿಯ ಲೆಕ್ಕವನ್ನೇ ನಾವು ಲಾಂಡ್‌ಸ್ಟೂಲಿಗೂ ಹಾಕಿದೆವು.

ಅವರಲ್ಲಿದ್ದುದು ಒಂದೇ ಕಾರು. ಅದು ಹಗಲೆಲ್ಲ ಆಸ್ಪತ್ರೆಯ ಬಳಿ. ಹಳ್ಳಿಗೆ ಬಸ್ಸು ವಿರಳ. ಭಾನುವಾರ ಆ ದೇಶದಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರಿನಲ್ಲಿ ಬೆಳಗಿನ ಎಂಟಾದರೂ ಕತ್ತಲೆ. ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲೆ. ಗಂಡನು ಬೆಳಕಿಲ್ಲದಾಗ ಹೋಗಿ ಬೆಳಕಿಲ್ಲದಾಗ ಬರುವನು. ಸೈನ್ಯದ ನೌಕರಿಯಾದ್ದರಿಂದ ತಿಂಗಳುಗಟ್ಟಲೆ ಬೇರೆಡೆಗೆ ಕಳುಹಿಸಲೂಬಹುದು. ಆಗ ಮಗುವಿಗೆ ರಾತ್ರಿ ಜ್ವರ ಬಂದರೆ ಕಾಡಿನಂಚಿನ ದೊಡ್ಡ ಮನೆಯಲ್ಲಿ ಆಕೆ ಯಾರ ಬಾಗಿಲು ಬಡಿಯಬೇಕು? ಹಳ್ಳಿಯ ಹಳೆಯ ಮನೆಗಳನ್ನು ಎಷ್ಟೋ ಕಡೆ ಎಣ್ಣೆಯಿಂದ ಕಾಯಿಸುತ್ತಾರೆ; ತೊಟ್ಟಿಗೆ ಎಣ್ಣೆ ತುಂಬಿಸುವ ಹೊಣೆಯೂ ಬಾಡಿಗೆದಾರರದಾಗುವುದುಂಟು. ಬರಿಯ ಬಾಡಿಗೆಯನ್ನು ಜರ್ಮನರು 'ತಣ್ಣನೆಯ ಬಾಡಿಗೆ' ಎಂದೂ, ನೀರು ಮತ್ತು ಕಾಯಿಸುವ ವೆಚ್ಚ ಸೇರಿದುದನ್ನು 'ಬೆಚ್ಚನೆಯ ಬಾಡಿಗೆ' ಎಂದೂ ಕರೆಯುವರು. ಹೆಸರು ಬಹಳ ಯಥಾರ್ಥವಾಗಿದೆ.

ಹಣದ ವಿಷಯ ಇಲ್ಲಿ ದೊಡ್ಡದಲ್ಲ. ಹೊರಗೆ ಮನೆ ಹಿಡಿದವರಿಗೆ ಒಂದು ಮಿತಿಯವರೆಗೆ ನಿಜವಾಗಿ ಕೊಟ್ಟ ಬಾಡಿಗೆಯನ್ನು ಅವರ ಸರಕಾರ ಭರಿಸುತ್ತದೆ. ಅಗ್ಗದ ಮನೆ ಹಿಡಿದರೆ ಉಳಿದ ಹಣ ಕಿಸೆಗೆ ಬರುವುದಿಲ್ಲ. ಆದ್ದರಿಂದ ಉಳಿತಾಯದ ಆಸೆಗೆ ದೂರ ಹೋಗಬೇಕಾದ ಅಗತ್ಯವಿಲ್ಲ. ಸಹಿ ಹಾಕುವ ಮುನ್ನ ಸೈನ್ಯದ ವಸತಿ ಕಚೇರಿಗೆ ಕರಾರುಪತ್ರ ತೋರಿಸಬೇಕೆಂದೂ, ಅವಧಿಗೆ ಮುನ್ನ ವರ್ಗವಾದರೆ ಮನೆ ಬಿಡಲು ಅದರಲ್ಲಿ ಅವಕಾಶವಿರಬೇಕೆಂದೂ, ಮುಂಗಡವು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲವೆಂದೂ ಮೊಮ್ಮಗನೇ ತಿಳಿದುಕೊಂಡಿದ್ದನು.

ಆವರಣವೂ ಬೇಡ, ಹಳ್ಳಿಯೂ ಬೇಡ, ಆಸ್ಪತ್ರೆಯ ಗುಡ್ಡದ ಕೆಳಗಿನ ಪಟ್ಟಣದಲ್ಲಿಯೇ ನೋಡಿರೆಂದು ನಾವು ಹೇಳಿದೆವು. ಲಾಂಡ್‌ಸ್ಟೂಲಿಗೆ ರೈಲು ನಿಲ್ದಾಣವಿದೆ. ಕೈಸರ್ಸ್‌ಲಾಟರ್ನಿಗೆ ಕಾರಿಲ್ಲದೆ ಹೋಗಿಬರಬಹುದು. ಮೂರು ಕೋಣೆಯ ಮನೆ ಸಿಕ್ಕಿತು, ಸೇಬಿನ ಗಿಡವಿಲ್ಲ. ಮೊಮ್ಮಗನು ಒಂದು ತಿಂಗಳು ಮುಖ ಸಣ್ಣದು ಮಾಡಿಕೊಂಡಿದ್ದನಂತೆ.

2023ರ ಮೇ ತಿಂಗಳಲ್ಲಿ ನಾವು ಮೂರು ವಾರ ಆ ಮನೆಯಲ್ಲಿದ್ದೆವು. ಸೊಸೆ ಚಿಕ್ಕವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನಡೆದೇ ರೊಟ್ಟಿಯಂಗಡಿಗೆ ಹೋಗುತ್ತಿದ್ದಳು. ಅಲ್ಲಿಯ ಮುದುಕಿ ಮಗುವಿಗೆ ಜರ್ಮನ್ ಎಣಿಕೆ ಕಲಿಸಿದ್ದಳು. ಮಹಡಿಯ ಮೇಲೆ ಅದೇ ಆಸ್ಪತ್ರೆಯ ಇನ್ನೊಂದು ಕುಟುಂಬವಿತ್ತು. ಗಂಡನು ಆ ಚಳಿಗಾಲದಲ್ಲಿ ಏಳು ವಾರ ಹೊರಗೆ ಹೋಗಿದ್ದಾಗ ಇವರಿಗೆ ಆಸರೆಯಾದವರು ಅವರು. ಮುಖ ಸಣ್ಣದು ಮಾಡಿಕೊಂಡಿದ್ದವನೇ ಸಂಜೆ ನಮ್ಮನ್ನು ನಾನ್‌ಸ್ಟೈನ್ ಕೋಟೆಯ ಹಾಳುಗೋಡೆಗಳವರೆಗೆ ನಡೆಸಿಕೊಂಡು ಹೋಗಿ, 1523ರಲ್ಲಿ ಅಲ್ಲಿ ಮಡಿದ ಸಿಕಿಂಗನ್ ಎಂಬ ವೀರನ ಕಥೆ ಹೇಳಿದನು.

ಒಂದು ಕೊರತೆ ಮಾತ್ರ ಉಳಿದಿತ್ತು. ಅಲ್ಲಿಯ ಬಾಡಿಗೆ ಮನೆಗಳಲ್ಲಿ ಗ್ಯಾಸಿನ ಒಲೆ ಅಪರೂಪ. ವಿದ್ಯುತ್ ಒಲೆಯ ಗಾಜಿನ ಹಾಸಿನ ಮೇಲೆ ಜೋಳದ ರೊಟ್ಟಿ ಬೇಯುತ್ತದೆ, ಆದರೆ ಉಬ್ಬುವುದಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡಬಾರದೆಂಬ ನಿಯಮವಿರುವುದರಿಂದ ಸೊಸೆ ಆರು ಹೊಡೆಯುವವರೆಗೆ ಕಾದು ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಪೂಜೆ ಅಷ್ಟರೊಳಗೆ ಮುಗಿದಿರುತ್ತಿತ್ತು.